ಹಂಬಲ್ ಎಂಬ ಹಂಬಲ

ಕನ್ನಡದ ಯಾವ ನಿಘಂಟು ತೆಗೆದರೂ ‘ಹಂಬಲ’ ಎಂಬಲ್ಲಿ ಆಸೆ, ಬಯಕೆ, ಕಾತರ ಎಂದಿರುತ್ತದೆ. ಇಂಗ್ಲಿಷ್ ನಿಘಂಟಿನಲ್ಲಿ ‘ಹಂಬಲ್’ ಎಂಬಲ್ಲಿಗೆ ಹೋದರೆ ವಿನಯ, ನಮ್ರತೆ, ತನ್ನ ಬಗ್ಗೆ ತನಗೆ ದೊಡ್ಡ ಕಲ್ಪನೆ ಇಲ್ಲದಿರುವುದು ಎಂದು ಸಿಗುತ್ತದೆ. ಒಂದು ಬೇಕು ಎನ್ನುವ ಮಾತು, ಇನ್ನೊಂದು ಬೇಡ ಎನ್ನುವ ಮಾತು. ನಡುವೆ ಇರುವುದು ಅರ್ಧ ಲಕಾರ. ಅದನ್ನು ದಾಟಲು ಒಂದು ಜನ್ಮ ಸಾಲದು ಎಂದು ವೇದಾಂತಿಗಳು ಹೇಳಿಯಾರು. ಆದರೆ ನಮ್ಮ ಸಭೆ ಸಮಾರಂಭಗಳಲ್ಲಿ ಒಂದೇ ಉಸಿರಿಗೆ ಆಚೆ ದಡದಿಂದ ಈಚೆ ದಡಕ್ಕೆ ಹಾರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸನ್ಮಾನ ನಡೆಯುತ್ತಿರುತ್ತದೆ. ಶಾಲು ಬಂತು, ಹಾರ ಬಂತು, ಮೈಸೂರು ಪೇಟ ಬಂತು, ಹಣ್ಣಿನ ಬುಟ್ಟಿ ಬಂತು, ಗಾಜು ಹಾಕಿಸಿದ ಬಿನ್ನವತ್ತಳೆ ಎರಡು ಕೈಗೂ ಸಾಲದೆ ಬಂತು. ಸನ್ಮಾನಿತರು ಮೈಕಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡು, ‘ನಾನು ಇದಕ್ಕೆಲ್ಲ ಅರ್ಹನಲ್ಲ’ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕಳೆದ ವರ್ಷವೇ ಯಾಕೆ ಕೊಡಲಿಲ್ಲ ಎಂದು ಯಾರಿಂದ ಫೋನು ಮಾಡಿಸಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ. ಈಗಿನ ಕಾಲದವರು ಇದನ್ನೇ ಇಂಗ್ಲಿಷಿನಲ್ಲಿ ‘ಐ ಆ್ಯಮ್ ಹಂಬಲ್ಡ್’ ಎನ್ನುತ್ತಾರೆ. ಹಂಬಲ್ಡ್ ಎಂದರೆ ಸರಿಯಾಗಿ ನೋಡಿದರೆ ಯಾರೋ ನಮ್ಮ ಸೊಕ್ಕು ಮುರಿದು ಕೆಳಕ್ಕೆ ಇಳಿಸಿದರು ಎಂದು ಅರ್ಥ. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವರು ಹೇಳಬೇಕಾದ ಮಾತು. ಅದನ್ನು ಹೇಳುತ್ತಿರುವವರು ಪೇಟ ಧರಿಸಿ ಎಲ್ಲರಿಗಿಂತ ಎರಡಡಿ ಎತ್ತರದಲ್ಲಿ ನಿಂತಿರುತ್ತಾರೆ.

ಅಮೆರಿಕದ ಹಾಸ್ಯಗಾರ ಹ್ಯಾರಿಸ್ ವಿಟ್ಟೆಲ್ಸ್ ಇಂಥ ಮಾತುಗಳನ್ನು ಹೆಕ್ಕಿ ತೋರಿಸಲೆಂದೇ 2010ರಲ್ಲಿ ಒಂದು ಟ್ವಿಟರ್ ಖಾತೆ ತೆರೆದ. 2012ರಲ್ಲಿ ಪುಸ್ತಕವನ್ನೇ ಮಾಡಿದ. ಅವನು ಇಟ್ಟ ಹೆಸರು ‘ಹಂಬಲ್‌ಬ್ರಾಗ್’. ವಿನಯದ ಜಂಭ ಎಂದುಕೊಳ್ಳಿ. ಅದು ಹೊಸ ರೋಗವೇನಲ್ಲ, ಹೊಸ ಹೆಸರು ಅಷ್ಟೆ. ‘ಒಂದು ಸಲ ನಮ್ಮ ಗುಡಿಸಲಿಗೆ ಬನ್ನಿ’ ಎಂದು ಕರೆದವರ ಗುಡಿಸಲಿನಲ್ಲಿ ಲಿಫ್ಟ್ ಇರುವುದನ್ನು ಕಂಡವರಿಗೆಲ್ಲ ಇದು ಗೊತ್ತು. ‘ಏನೋ ನನ್ನದೊಂದು ಅಳಿಲು ಸೇವೆ’ ಎನ್ನುವವರೂ ಇದೇ ಪಂಗಡ. ಸೇತುವೆ ಕಟ್ಟಿದ ಅಳಿಲಿಗೆ ಸಿಕ್ಕಿದ್ದು ಬೆನ್ನ ಮೇಲೆ ಮೂರು ಗೆರೆ. ಇವರಿಗೆ ದೇವಸ್ಥಾನದ ಬಾಗಿಲಲ್ಲೇ ಅಮೃತಶಿಲೆಯ ಮೇಲೆ ಮೂರು ಸಾಲು ಬೇಕು, ತಂದೆಯ ಹೆಸರು ಸಮೇತ.

ಇಷ್ಟೆಲ್ಲ ಎತ್ತರಕ್ಕೆ ಏರಿದ ಶಬ್ದ ಹುಟ್ಟಿದ್ದು ಮಾತ್ರ ಮಣ್ಣಿನಲ್ಲಿ. ಲ್ಯಾಟಿನ್ನಿನಲ್ಲಿ ‘ಹುಮುಸ್’ ಎಂದರೆ ನೆಲ, ಮಣ್ಣು. ನಮ್ಮ ಸಾವಯವ ಕೃಷಿಯ ಪುಸ್ತಕಗಳಲ್ಲಿ, ಎಲೆ ಕಸ ಸಗಣಿ ಎಲ್ಲ ಕೊಳೆತು ಕಪ್ಪಗಾಗಿ ಮಣ್ಣಿಗೆ ಸೇರಿದ್ದನ್ನು ಹ್ಯೂಮಸ್ ಎನ್ನುತ್ತಾರಲ್ಲ, ಅದೇ. ಅದರಿಂದ ‘ಹುಮಿಲಿಸ್’ ಆಯಿತು: ನೆಲಕ್ಕೆ ಹತ್ತಿರವಾದದ್ದು, ತಗ್ಗಾದದ್ದು, ಕುಳ್ಳಾದದ್ದು. ಫ್ರೆಂಚರ ಬಾಯಲ್ಲಿ ಸವೆದು, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಭಾಷೆಯ ಜೊತೆ ಸಮುದ್ರ ದಾಟಿ, 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಹಂಬಲ್’ ಆಗಿ ಕೂತಿತು. ಮನುಷ್ಯ ಎನ್ನುವುದಕ್ಕೆ ಲ್ಯಾಟಿನ್ನರು ಹೇಳುತ್ತಿದ್ದ ‘ಹೋಮೋ’ ಕೂಡ ಇದೇ ಬೇರಿನದು: ಆಕಾಶದ ದೇವರುಗಳಿಂದ ಬೇರೆಯಾದ, ನೆಲದ ಮೇಲಿನ ಪ್ರಾಣಿ. ಹೀಬ್ರೂ ಭಾಷೆಗೂ ಲ್ಯಾಟಿನ್ನಿಗೂ ಯಾವ ರಕ್ತಸಂಬಂಧವೂ ಇಲ್ಲ. ಆದರೂ ಅಲ್ಲಿಯೂ ಮೊದಲ ಮನುಷ್ಯ ಆದಾಮನ ಹೆಸರು ‘ಅದಾಮಾ’ ಎಂಬ ಮಣ್ಣಿನ ಪಕ್ಕದಲ್ಲೇ ಕೂತಿದೆ.

ಸಂಸ್ಕೃತದಲ್ಲಿ ಭೂಮಿಗೆ ‘ಕ್ಷ್ಮಾ’ ಎನ್ನುವ ಹೆಸರಿದೆ. ಅದೂ ಹುಮುಸ್‌ನ ದೂರದ ದಾಯಾದಿ ಎಂದು ಭಾಷಾಶಾಸ್ತ್ರಜ್ಞರು ವಂಶವೃಕ್ಷ ಬರೆದಿದ್ದಾರೆ. ಭೂಮಿಗೆ ‘ಕ್ಷಮಾ’ ಎಂದೂ ಹೆಸರುಂಟು. ಸಹನೆಗೂ ಅದೇ ಮಾತು. ‘ಸರ್ವಂಸಹಾ’ ಎಂದೂ ಅಮರಕೋಶ ಕರೆದಿದೆ. ಹೀಗೆ ಅಲ್ಲಿಯ ಮಣ್ಣು ವಿನಯವಾಯಿತು, ಇಲ್ಲಿಯ ಮಣ್ಣು ತಾಳ್ಮೆಯಾಯಿತು. ವಿನಯಕ್ಕೆ ನಾವು ಬೇರೆ ಕಡೆಯಿಂದ ಮಾತು ತಂದುಕೊಂಡೆವು. ‘ನಮ್ರ’ ಎಂದರೆ ಬಾಗಿದವನು. ‘ವಿನಯ’ ಎಂದರೆ ಮೂಲದಲ್ಲಿ ದಾರಿಗೆ ತರುವುದು, ತರಬೇತಿ. ಬೌದ್ಧರ ವಿನಯಪಿಟಕ ಭಿಕ್ಷುಗಳು ಪಾಲಿಸಬೇಕಾದ ಕಟ್ಟುನಿಟ್ಟಿನ ನಿಯಮಗಳ ಗ್ರಂಥ. ನಯ ನಾಜೂಕಿನ ಕೈಪಿಡಿ ಎಂದುಕೊಂಡು ತೆರೆದವರಿಗೆ ನಿರಾಸೆಯಾದೀತು. ಒಟ್ಟಿನಲ್ಲಿ ನಮ್ಮದು ಬೆನ್ನಿಗೆ ಸಂಬಂಧಿಸಿದ ಗುಣ, ಅವರದು ನೆಲಕ್ಕೆ ಸಂಬಂಧಿಸಿದ ಗುಣ. ನಾವು ಎಷ್ಟು ಬಾಗಿದೆವು ಎಂದು ಅಳೆಯುತ್ತೇವೆ. ಅವರು ಎಲ್ಲಿ ನಿಂತಿದ್ದೇವೆ ಎಂದು ಕೇಳುತ್ತಾರೆ. ಸಾಷ್ಟಾಂಗ ನಮಸ್ಕಾರ ಒಂದೇ ಎರಡನ್ನೂ ಒಟ್ಟಿಗೆ ತೀರಿಸುವುದು. ಮಂಡಿ ನೋವಿನವರು ಎದ್ದೇಳಲು ಪಡುವ ಪಾಡು ನೋಡಿದರೆ, ವಿನಯದಲ್ಲಿ ಇಳಿಯುವುದಕ್ಕಿಂತ ಏಳುವುದೇ ಕಷ್ಟ ಎಂದು ತಿಳಿಯುತ್ತದೆ.

ಈ ಮನೆತನದಲ್ಲಿ ಇನ್ನೊಬ್ಬ ಸದಸ್ಯನಿದ್ದಾನೆ. ಗ್ರೀಕರು ‘ನೆಲದ ಮೇಲೆ’ ಎನ್ನುವುದಕ್ಕೆ ‘ಖಮಾಯ್’ ಎನ್ನುತ್ತಿದ್ದರು. ಹುಮುಸ್‌ಗೂ ಇದಕ್ಕೂ ಒಂದೇ ಮೂಲ. ನೆಲದ ಮೇಲಿನ ಸಿಂಹ ಎಂದು ಅವರು ಒಂದು ಪ್ರಾಣಿಗೆ ಹೆಸರಿಟ್ಟರು: ‘ಖಮಾಯ್‌ಲಿಯೋನ್’. ಇಂಗ್ಲಿಷಿನ ಕಮೀಲಿಯನ್, ನಮ್ಮ ಗೋಸುಂಬೆ. ವಿನಯಕ್ಕೂ ಬಣ್ಣ ಬದಲಾಯಿಸುವುದಕ್ಕೂ ರಕ್ತಸಂಬಂಧ ಇದೆ ಎಂದು ನಾನು ಹೇಳಿದ್ದರೆ ಕುಚೋದ್ಯ ಎನ್ನುತ್ತಿದ್ದಿರಿ, ಭಾಷಾಶಾಸ್ತ್ರ ಹೇಳಿದೆ. ಮತದಾನಕ್ಕೆ ಹದಿನೈದು ದಿನ ಮುಂಚೆ ಕೈಮುಗಿದು ನಮ್ಮ ಬೀದಿಗೆ ಬರುವವರನ್ನು ನೋಡುವಾಗ ನೆಲದ ಸಿಂಹ ಎಂಬ ಹೆಸರಿನ ಎರಡು ಭಾಗಗಳೂ ಸಾರ್ಥಕವಾಗಿ ಕಾಣುತ್ತವೆ. ಅದೇ ಖಮಾಯ್‌ಗೆ ಸೇಬು ಸೇರಿಸಿ, ಸೇಬಿನ ಪರಿಮಳದ ನೆಲಗಿಡಕ್ಕೆ ‘ಕ್ಯಾಮೊಮೈಲ್’ ಎಂದರು. ಬೆಂಗಳೂರಿನ ಕೆಫೆಗಳಲ್ಲಿ ಅದರ ಚಹಾ ಸಿಗುತ್ತದೆ. ಬೆಲೆಯಲ್ಲಿ ವಿನಯವೇನೂ ಇಲ್ಲ.

ರೋಮಿನವರಿಗೆ ಹುಮಿಲಿಸ್ ಹೊಗಳಿಕೆಯ ಮಾತಾಗಿರಲಿಲ್ಲ. ಯಾರನ್ನಾದರೂ ಹಾಗೆ ಕರೆದರೆ ಕೀಳು ಕುಲದವನು, ಅಲ್ಪ, ಕೈಲಾಗದವನು ಎಂದು ಅರ್ಥ. ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂಬ ನಮ್ಮ ಗಾದೆಯನ್ನು ಸೀಸರನಿಗೆ ಹೇಳಿದ್ದರೆ ಅವನು ಅದನ್ನು ರಾಜನೀತಿ ಎಂದು ಬರೆದುಕೊಳ್ಳುತ್ತಿದ್ದ. ಆ ಬೈಗುಳವನ್ನು ಎತ್ತಿ ಗದ್ದುಗೆಯ ಮೇಲೆ ಕೂರಿಸಿದವರು ಕ್ರೈಸ್ತ ಸಂತರು. ಮಾತುಗಾರಿಕೆಯಲ್ಲಿ ಮುಖ್ಯವಾದದ್ದು ಯಾವುದು ಎಂದು ಕೇಳಿದ್ದಕ್ಕೆ ಗ್ರೀಸಿನ ಡೆಮಾಸ್ತನೀಸ್ ಮೂರು ಸಲವೂ ‘ಹೇಳುವ ರೀತಿ’ ಎಂದನಂತೆ. ಆ ಕಥೆಯನ್ನು ನೆನೆದು ಸಂತ ಅಗಸ್ಟೀನ್, ಧರ್ಮದಲ್ಲಿ ಮುಖ್ಯವಾದದ್ದು ಏನೆಂದು ನನ್ನನ್ನು ಕೇಳಿದರೆ ಎಷ್ಟು ಸಲ ಕೇಳಿದರೂ ವಿನಯ ಎಂದೇ ಹೇಳುತ್ತೇನೆ ಎಂದು ಒಂದು ಪತ್ರದಲ್ಲಿ ಬರೆದ. ಅಗಸ್ಟೀನ್ ಮೊದಲು ಅಲಂಕಾರಶಾಸ್ತ್ರದ ಮೇಷ್ಟರಾಗಿದ್ದವನು. ವಿನಯದ ಬಗ್ಗೆ ಹೇಳುವಾಗಲೂ ಭಾಷಣದ ಉದಾಹರಣೆಯನ್ನೇ ತಂದ. ಮೇಷ್ಟರಿಕೆ ಬಿಟ್ಟರೂ ಹೋಗುವುದಿಲ್ಲ.

6ನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮಾವಳಿಯ ಏಳನೇ ಅಧ್ಯಾಯದಲ್ಲಿ ವಿನಯಕ್ಕೆ ಒಂದು ಏಣಿಯನ್ನೇ ಹಾಕಿದ. ಅದಕ್ಕೆ ಹನ್ನೆರಡು ಮೆಟ್ಟಿಲು. ತಗ್ಗಿದವರು ಮೇಲಕ್ಕೆ ಹೋಗುತ್ತಾರೆ, ಉಬ್ಬಿದವರು ಕೆಳಕ್ಕೆ ಬರುತ್ತಾರೆ ಎನ್ನುವುದು ಆ ಏಣಿಯ ವಿಶೇಷ. 12ನೇ ಶತಮಾನದಲ್ಲಿ ಕ್ಲೇರ್ವೋ ಮಠದ ಬರ್ನಾರ್ಡ್ ಇದೇ ಮೆಟ್ಟಿಲುಗಳ ಮೇಲೆ ಒಂದು ಪುಸ್ತಕ ಬರೆಯಲು ಕೂತ. ವಿನಯದ ಮೆಟ್ಟಿಲು ಎಂದು ಹೆಸರಿಟ್ಟು, ಒಳಗೆ ಅಹಂಕಾರದ ಮೆಟ್ಟಿಲುಗಳನ್ನೇ ಒಂದೊಂದಾಗಿ ವಿವರಿಸಿದ. ಕೊನೆಗೆ, ನನಗೆ ಗೊತ್ತಿರುವುದನ್ನು ತಾನೆ ನಾನು ಕಲಿಸಲು ಸಾಧ್ಯ ಎಂದು ಸಮಜಾಯಿಷಿ ಕೊಟ್ಟ. ಈ ಒಂದು ಮಾತಿಗೆ ನಾನು ಅವನಿಗೆ ಹನ್ನೆರಡು ಮೆಟ್ಟಿಲೂ ಮಾಫಿ ಮಾಡಿಬಿಡುತ್ತಿದ್ದೆ. ಅದೇ ಶತಮಾನದಲ್ಲಿ ಇತ್ತ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಎಲ್ಲ ಶರಣರಿಗಿಂತ ತಾವೇ ಚಿಕ್ಕವರು ಎನ್ನುತ್ತಿದ್ದರು. ಖಜಾನೆಯ ಬೀಗದ ಕೈ ಸೊಂಟದಲ್ಲಿ ಇಟ್ಟುಕೊಂಡು ಆ ಮಾತನ್ನು ಆಡುವುದು ಬೇರೆ. ಏನೂ ಇಲ್ಲದಾಗ ಆಡುವುದು ಬೇರೆ.

ಬೆನೆಡಿಕ್ಟ್‌ನ ಏಣಿಯಲ್ಲಿ ಹತ್ತನೆಯ ಮೆಟ್ಟಿಲು ನನ್ನಂಥವರಿಗೆ ತೊಡಕಿನದು. ಸುಲಭವಾಗಿ ನಗಬಾರದು ಎನ್ನುತ್ತದೆ ಅದು. ಹನ್ನೊಂದನೆಯದೂ ಬಿಡುವುದಿಲ್ಲ: ಮಾತಾಡುವುದಿದ್ದರೂ ನಗದೆ, ಮೆಲ್ಲಗೆ, ನಾಲ್ಕೇ ಮಾತು. ಲಲಿತ ಪ್ರಬಂಧ ಬರೆಯುವವರು ಒಂಬತ್ತರಲ್ಲೇ ಬೀಡು ಬಿಡಬೇಕು. ಆದರೆ ಭಾಷೆ ಆ ಸಂತನ ಮಾತನ್ನು ಕೇಳಲಿಲ್ಲ. ಹಾಸ್ಯಕ್ಕೆ ಇಂಗ್ಲಿಷಿನಲ್ಲಿ ‘ಹ್ಯೂಮರ್’ ಎನ್ನುತ್ತಾರಷ್ಟೆ. ಅದರ ಲ್ಯಾಟಿನ್ ಮೂಲ ‘ಊಮೋರ್’, ಅಂದರೆ ತೇವ, ದ್ರವ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಹದ ಮನುಷ್ಯನ ಸ್ವಭಾವವನ್ನು ನಿರ್ಧರಿಸುತ್ತದೆ ಎಂದು ಹಳೆಯ ಯುರೋಪಿನ ವೈದ್ಯರು ನಂಬಿದ್ದರು. ನಮ್ಮವರೂ ಹಾಸ್ಯವನ್ನು ರಸ ಎಂದೇ ಕರೆದರು. ಇಲ್ಲಿಯೂ ದ್ರವ, ಅಲ್ಲಿಯೂ ದ್ರವ. ಆ ಊಮೋರ್‌ಗೆ ಮೊದಲು ಹಕಾರವೇ ಇರಲಿಲ್ಲ. ನೆಲ ಎಂಬ ಹುಮುಸ್‌ಗೂ ಇದಕ್ಕೂ ಏನೋ ನಂಟಿರಬೇಕು ಎಂದು ಯಾರೋ ತಪ್ಪು ತಿಳಿದು ಮುಂದೆ ಒಂದು ಹಕಾರ ಅಂಟಿಸಿದರು. ಹಾಗಾಗಿ ಹಾಸ್ಯವೂ ವಿನಯವೂ ಇಂಗ್ಲಿಷ್ ನಿಘಂಟಿನಲ್ಲಿ ಇವತ್ತಿಗೂ ಪಕ್ಕಪಕ್ಕದ ಮನೆಯಲ್ಲಿವೆ, ಒಂದೇ ರಕ್ತ ಅಲ್ಲದಿದ್ದರೂ.

‘ಪೋಸ್ಟ್ಯುಮಸ್’ ಎಂಬ ಮಾತಿಗೂ ಇದೇ ಗತಿ. ಮೂಲದ ‘ಪೋಸ್ತುಮುಸ್’ ಎಂದರೆ ಕಟ್ಟಕಡೆಯದು ಎಂದಷ್ಟೇ. ತಂದೆ ತೀರಿಕೊಂಡ ಮೇಲೆ ಹುಟ್ಟಿದ ಮಗುವಿಗೆ ಹೇಳುತ್ತಿದ್ದ ಮಾತು. ಸತ್ತವರನ್ನು ಮಣ್ಣು ಮಾಡುತ್ತಾರಲ್ಲ, ಹುಮುಸ್ ಇದರಲ್ಲೂ ಇದ್ದೀತು ಎಂದು ಅಲ್ಲೂ ಒಂದು ಹಕಾರ ತೂರಿಸಿದರು. ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಮರಣೋತ್ತರ ಪ್ರಶಸ್ತಿಯ ವಿಷಯ ಬಂದಾಗ ನನಗೆ ಇದು ನೆನಪಾಗುತ್ತದೆ. ಪ್ರಶಸ್ತಿ ಪಡೆದವರ ಪೈಕಿ ನಿಜವಾಗಿಯೂ ಮಣ್ಣಿನ ಮಟ್ಟಕ್ಕೆ ಇಳಿದವರು ಅವರು ಮಾತ್ರ. ಭಾಷಣ ಮಾಡದವರೂ ಅವರೇ.

ಹಕಾರದ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಫ್ರೆಂಚರು ಹಂಬಲ್‌ನ ಹಕಾರವನ್ನು ನುಂಗಿಯೇ ಇಂಗ್ಲಿಷರಿಗೆ ದಾಟಿಸಿದ್ದು. ಬರವಣಿಗೆಯಲ್ಲಿ ಇತ್ತು, ಬಾಯಲ್ಲಿ ಇರಲಿಲ್ಲ. 1791ರಲ್ಲಿ ಜಾನ್ ವಾಕರ್ ಉಚ್ಚಾರಣೆಯ ನಿಘಂಟು ಮಾಡಿದಾಗ ‘ಅಂಬಲ್’ ಎನ್ನುವುದೇ ಸಭ್ಯರ ಉಚ್ಚಾರಣೆ; ‘ಅವರ್’, ‘ಆನರ್’ ಇವುಗಳ ಸಾಲಿಗೇ ಅದನ್ನೂ ಸೇರಿಸಿದ. ಆಮೇಲೆ ಗಾಳಿ ತಿರುಗಿತು. ಹಕಾರ ಬಿಡುವುದು ಲಂಡನ್ನಿನ ಬಡವರ, ಓದಿಲ್ಲದವರ ಗುರುತು ಎಂದಾಯಿತು. ಬರೆದ ಹಕಾರವನ್ನೆಲ್ಲ ಉಸಿರು ಬಿಟ್ಟು ಹೇಳುವುದು ದೊಡ್ಡಸ್ತಿಕೆಯಾಯಿತು. ಈ ಬದಲಾವಣೆಯ ನಟ್ಟನಡುವೆ, 1849ರಿಂದ 1850ರವರೆಗೆ ಕಂತುಗಳಲ್ಲಿ ಬಂದ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಒಬ್ಬ ಗುಮಾಸ್ತನನ್ನು ತಂದು ನಿಲ್ಲಿಸಿದ. ಹೆಸರು ಯುರೈಯಾ ಹೀಪ್. ಕೆಂಚು ಕೂದಲು, ರೆಪ್ಪೆ ಇದೆಯೋ ಇಲ್ಲವೋ ಎಂಬಂಥ ಕಣ್ಣು, ಕೈ ಕುಲುಕಿದರೆ ತಣ್ಣಗೆ ಅಂಟಂಟು. ಮಾತಾಡುವಾಗ ಮೈಯೆಲ್ಲ ಹಾವಿನಂತೆ ಹೊರಳಿಸುತ್ತಾನೆ. ಬಾಯಿ ಬಿಟ್ಟರೆ ತಾನು ಅಂಬಲ್, ತನ್ನ ತಾಯಿ ಅಂಬಲ್, ತಮ್ಮ ಮನೆ ಅಂಬಲ್. ಹೀಗೆ ಅಂಬಲ್ ಅಂಬಲ್ ಎನ್ನುತ್ತಲೇ ಕ್ಯಾಂಟರ್ಬರಿಯ ವಕೀಲ ವಿಕ್‌ಫೀಲ್ಡ್‌ನಿಗೆ ಕುಡಿತದ ಚಟ ಹೆಚ್ಚಿಸಿ, ಖೋಟಾ ಸಹಿ ಹಾಕಿ, ಇಡೀ ಕಚೇರಿಯನ್ನು ಕೈಗೆ ತೆಗೆದುಕೊಳ್ಳುತ್ತಾನೆ.

‘ಅತಿವಿನಯಂ ಧೂರ್ತಲಕ್ಷಣಂ’ ಎಂದು ಓದುಗರು ಪುಸ್ತಕ ಮುಚ್ಚಬಹುದಿತ್ತು. ಡಿಕನ್ಸ್ ಬಿಡಲಿಲ್ಲ. ಒಂದು ಕಡೆ ಹೀಪ್‌ನ ಬಾಯಿಂದಲೇ ಅವನ ಬಾಲ್ಯವನ್ನು ಹೇಳಿಸುತ್ತಾನೆ. ಅವನೂ ಅವನ ತಂದೆಯೂ ಓದಿದ್ದು ಧರ್ಮದ ಶಾಲೆಯಲ್ಲಿ, ತಾಯಿ ಬೆಳೆದದ್ದೂ ಧರ್ಮಾರ್ಥ ಸಂಸ್ಥೆಯಲ್ಲಿ. ಅಲ್ಲಿ ಕಲಿಸಿದ ಪಾಠ ಒಂದೇ: ಇಲ್ಲಿ ಟೋಪಿ ತೆಗಿ, ಅಲ್ಲಿ ತಲೆ ಬಾಗು, ನಿನಗಿಂತ ಮೇಲಿನವರು ಯಾರೆಂದು ಮರೆಯಬೇಡ. ಅಪ್ಪನಿಗೆ ಶಾಲೆಯಲ್ಲಿ ಪದಕ ಬಂದದ್ದೂ ವಿನಯಕ್ಕಾಗಿ. ದೊಡ್ಡವರಿಗೆ ಬೇಕಾದದ್ದು ಅದೇ, ಕೊಟ್ಟರೆ ಮುಂದೆ ಬರುತ್ತೀಯ ಎಂದು ಮಗನಿಗೆ ಹೇಳಿಕೊಟ್ಟ. ಮಗ ಕೊಟ್ಟ, ಬಡ್ಡಿ ಸಮೇತ ವಸೂಲು ಮಾಡಿದ. ನನ್ನ ಮಟ್ಟಿಗೆ ಆ ಕಾದಂಬರಿಯ ಅತ್ಯಂತ ಖಾರವಾದ ಜಾಗ ಇದು. ಬಡವರ ಮಕ್ಕಳಿಗೆ ಅನ್ನದ ಜೊತೆ ವಿನಯವನ್ನೂ ಬಡಿಸಿ, ಅವರು ಅದನ್ನು ಕಸುಬು ಮಾಡಿಕೊಂಡಾಗ ಅಯ್ಯೋ ಕಪಟಿ ಎನ್ನುವ ದೊಡ್ಡವರ ಮೇಲೆ ಡಿಕನ್ಸ್‌ನ ಕಣ್ಣಿದೆ. ಕಥೆಯ ಕೊನೆಯಲ್ಲಿ ಹೀಪ್ ಜೈಲಿನಲ್ಲಿ 27ನೇ ನಂಬರಿನ ಆದರ್ಶ ಕೈದಿ. ಅಲ್ಲಿಯೂ ಅಂಬಲ್. ಅಧಿಕಾರಿಗಳು ಅಲ್ಲಿಯೂ ಮೆಚ್ಚಿಕೊಳ್ಳುತ್ತಾರೆ.

ಹೀಪ್‌ನ ಬಾಯಲ್ಲಿ ಇಷ್ಟು ಸಲ ಕೇಳಿದ ಮೇಲೆ ಮರ್ಯಾದಸ್ಥರಿಗೆ ಹಕಾರ ಬಿಡಲು ಮುಜುಗರವಾಗಿರಬೇಕು. ಇಂದು ಇಂಗ್ಲೆಂಡಿನ ಸುಶಿಕ್ಷಿತರೆಲ್ಲ ಹಕಾರ ಹಚ್ಚಿಯೇ ಹಂಬಲ್ ಎನ್ನುತ್ತಾರೆ.

ಕನ್ನಡದವರಿಗೆ ಈ ಜಗಳ ಹೊಸದಲ್ಲ. ನಮ್ಮ ಹಕಾರವೂ ತಡವಾಗಿ ಬಂದ ಅತಿಥಿಯೇ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪಂಪೆ ಹಂಪೆಯಾಯಿತು, ಪಂಬಲಿಸುತ್ತಿದ್ದವರು ಹಂಬಲಿಸತೊಡಗಿದರು. ತಮಿಳರು ಇನ್ನೂ ಪಾಲನ್ನೇ ಕುಡಿಯುತ್ತಿದ್ದಾರೆ. ಹಳೆ ಮೈಸೂರಿನ ಹಳ್ಳಿಗಳ ಕಡೆ ಆ ಹಕಾರವೂ ಉದುರಿ ‘ಆಲು’, ‘ಅಣ್ಣು’, ‘ಓಯ್ತು’ ಎಂದಾಯಿತು. ಪೇಟೆಯವರು ನಕ್ಕರು. ನಕ್ಕದ್ದಕ್ಕೆ ಹೆದರಿ, ಹಕಾರ ಇಲ್ಲದ ಕಡೆಯೂ ಇರಲಿ ಎಂದು ಸೇರಿಸುವ ಹೊಸ ತಾಪತ್ರಯ ಹುಟ್ಟಿತು. ಅತಿಥಿಗಳಿಗೆ ‘ಆದರದ ಸ್ವಾಗತ’ ಕೋರಲು ಹೋಗಿ ‘ಹಾದರದ ಸ್ವಾಗತ’ ಕೋರಿದವರ ಕಥೆ ಕರ್ನಾಟಕದ ಎಲ್ಲ ತಾಲ್ಲೂಕಿನಲ್ಲೂ ಇದೆ. ಎಲ್ಲ ತಾಲ್ಲೂಕಿನವರೂ ಅದು ಪಕ್ಕದ ತಾಲ್ಲೂಕಿನಲ್ಲಿ ನಡೆದದ್ದು ಎನ್ನುತ್ತಾರೆ. ಲ್ಯಾಟಿನ್ ಓದಿದವರು ಊಮೋರ್‌ಗೆ ಹಕಾರ ಅಂಟಿಸಿದ್ದೂ ಇದೇ ಕೆಲಸವೇ. ಅವರದಕ್ಕೆ ಪಾಂಡಿತ್ಯ ಎಂದು ಹೆಸರು ಬಂತು, ಅಷ್ಟೇ ವ್ಯತ್ಯಾಸ.

ಇಂಗ್ಲಿಷಿನಲ್ಲಿ ಸೋತು ತಪ್ಪೊಪ್ಪಿಕೊಳ್ಳುವುದಕ್ಕೆ ‘ಹಂಬಲ್ ಪೈ ತಿನ್ನುವುದು’ ಎನ್ನುತ್ತಾರೆ. ಈ ಪೈ ನಿಜವಾಗಿ ಇತ್ತು, ರುಚಿಯಾಗಿಯೂ ಇತ್ತು. ಜಿಂಕೆಯ ಕರುಳು, ಗುಂಡಿಗೆ, ಈಲಿ ಮೊದಲಾದ ಒಳಭಾಗಗಳಿಗೆ ‘ಅಂಬಲ್ಸ್’ ಎಂದು ಹೆಸರು. ಅದಕ್ಕೂ ವಿನಯಕ್ಕೂ ಸಂಬಂಧವೇ ಇಲ್ಲ. ಲ್ಯಾಟಿನ್ನಿನಲ್ಲಿ ಅದು ಸೊಂಟದ ಮಾಂಸ, ‘ಲುಂಬುಲುಸ್’. ಫ್ರೆಂಚಿಗೆ ಬಂದು ಲಕಾರ ನಕಾರವಾಗಿ ‘ನಂಬಲ್ಸ್’. ಇಂಗ್ಲಿಷಿನಲ್ಲಿ ‘ಅ ನಂಬಲ್’ ಎನ್ನುವುದನ್ನು ‘ಅನ್ ಅಂಬಲ್’ ಎಂದು ಕೇಳಿಸಿಕೊಂಡು ನಕಾರವೂ ಹೋಯಿತು. ಈ ದಾರಿಯಲ್ಲಿ ನಕಾರ ಕಳೆದುಕೊಂಡವರು ಇನ್ನೂ ಇದ್ದಾರೆ. ನಮ್ಮ ಕ್ರಿಕೆಟ್ಟಿನ ಅಂಪೈರ್ ಮೂಲದಲ್ಲಿ ‘ನೂಂಪೇರ್’, ಎರಡು ಕಡೆಗೂ ಸೇರದ ಮೂರನೆಯವನು. ನಕಾರ ಕಳೆದುಕೊಂಡ ಮೇಲೂ ಎಲ್‌ಬಿಡಬ್ಲ್ಯು ಮನವಿಗೆ ತಲೆಯಾಡಿಸುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಅಂಬಲ್ ಪೈ ಬಡವರ, ಆಳುಕಾಳುಗಳ ತಿಂಡಿ, ಒಳ್ಳೆಯ ಮಾಂಸವೆಲ್ಲ ಜಮೀನ್ದಾರನ ತಟ್ಟೆಗೆ, ಕರುಳು ಬೇಟೆಯಾಳುಗಳಿಗೆ, ಅದರಿಂದಲೇ ಈ ನುಡಿಗಟ್ಟು ಹುಟ್ಟಿತು ಎಂದು ಹೇಳುವುದುಂಟು. ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿ ಓದಿದರೆ ಹಾಗೆ ಕಾಣುವುದಿಲ್ಲ. ಪೀಪ್ಸ್ ಲಂಡನ್ನಿನ ನೌಕಾಪಡೆ ಕಚೇರಿಯ ದೊಡ್ಡ ಅಧಿಕಾರಿ. 1662ರ ಜುಲೈನಲ್ಲಿ ಯಾರೋ ಕೊಟ್ಟ ಜಿಂಕೆಯ ಅಂಬಲ್ಸನ್ನು ಪೈ ಮಾಡಿಸಿ ತಿಂದು ಸಂತೋಷಪಟ್ಟಿದ್ದಾನೆ. ಮರುವರ್ಷದ ಜುಲೈನಲ್ಲಿ ಪರಿಚಯದ ಹೆಂಗಸೊಬ್ಬರು ಒಲೆಯಿಂದ ಬಿಸಿಬಿಸಿಯಾಗಿ ತಂದುಕೊಟ್ಟ ಅಂಬಲ್ ಪೈಯನ್ನು ಬಾಯ್ತುಂಬ ಹೊಗಳಿದ್ದಾನೆ. ಎಲ್ಲೂ ಅವಮಾನವಾದ ಸುಳಿವಿಲ್ಲ. ನಮ್ಮ ಮಿಲಿಟರಿ ಹೋಟೆಲುಗಳಲ್ಲಿ ಬೋಟಿ ಗೊಜ್ಜು ಮುಗಿದಿದೆ ಎಂದರೆ ಮುಖ ಸಣ್ಣಗಾಗುವುದು ಸಿಗದವರದು, ತಿಂದವರದಲ್ಲ. ಹಕಾರ ಬಿಡುತ್ತಿದ್ದ ಕಾಲದಲ್ಲಿ ಎರಡು ಮಾತೂ ಕಿವಿಗೆ ಒಂದೇ ಆಗಿದ್ದವು. ಯಾರೋ ಚತುರರು ಒಂದನ್ನು ಇನ್ನೊಂದರೊಳಗೆ ಇಟ್ಟು ಬೇಯಿಸಿದರು. 1830ರಲ್ಲಿ ಬಂದ ರಾಬರ್ಟ್ ಫೋರ್ಬಿಯ ಪೂರ್ವ ಆಂಗ್ಲಿಯಾ ಪ್ರಾಂತ್ಯದ ಪದಸಂಗ್ರಹದಲ್ಲಿ ಆ ನುಡಿಗಟ್ಟು ಕಾಣಿಸಿಕೊಳ್ಳುತ್ತದೆ. 1969ರಲ್ಲಿ ಇಂಗ್ಲೆಂಡಿನಲ್ಲಿ ಎರಡು ರಾಕ್ ತಂಡಗಳು ಹುಟ್ಟಿದವು. ಒಂದರ ಹೆಸರು ಹಂಬಲ್ ಪೈ, ಇನ್ನೊಂದರದು ಯುರೈಯಾ ಹೀಪ್. ಎರಡೂ ಕಿವಿ ಕಿತ್ತುಹೋಗುವಂತೆ ನುಡಿಸುತ್ತಿದ್ದವು.

ಹೀಗೆ ಹಂಬಲ್ ಹೆಸರು ಹೊತ್ತು ವಿನಯದ ಗಂಧವೂ ಇಲ್ಲದವರಲ್ಲಿ ಒಂದು ದುಂಬಿಯೂ ಸೇರಿದೆ. ಈಗ ಬಂಬಲ್‌ಬೀ ಎನ್ನುವ ದಪ್ಪ ಜೇನ್ನೊಣವನ್ನು ಡಾರ್ವಿನ್ 1859ರಲ್ಲಿ ‘ಹಂಬಲ್‌ಬೀ’ ಎಂದೇ ಬರೆದ. ಅದು ಗುಂಯ್‌ಗುಡುವ ಸದ್ದಿನಿಂದ ಬಂದ ಹೆಸರು. ಊರಲ್ಲಿ ಬೆಕ್ಕು ಹೆಚ್ಚಿದರೆ ಇಲಿ ಕಡಿಮೆ, ಇಲಿ ಕಡಿಮೆಯಾದರೆ ಈ ದುಂಬಿಯ ಗೂಡು ಕ್ಷೇಮ, ದುಂಬಿ ಹೆಚ್ಚಿದರೆ ಕೆಂಪು ಕ್ಲೋವರ್ ಹುಲ್ಲು ಸಮೃದ್ಧಿ ಎಂದು ಅವನು ಲೆಕ್ಕ ಹಾಕಿದ. ಬೆಕ್ಕಿಗೆ ಇದರ ಹಿರಿಮೆ ಗೊತ್ತಿಲ್ಲ. ಇದ್ದವರಲ್ಲಿ ಅದೇ ವಾಸಿ.

ವಿನಯವನ್ನು ಅಭ್ಯಾಸ ಮಾಡಲು ಹೊರಟವರ ಪೈಕಿ ಬೆಂಜಮಿನ್ ಫ್ರಾಂಕ್ಲಿನ್ ನನಗೆ ಇಷ್ಟ. ಅವನು ಹನ್ನೆರಡು ಸದ್ಗುಣಗಳ ಪಟ್ಟಿ ಮಾಡಿಕೊಂಡು, ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಚುಕ್ಕೆ ಇಡುತ್ತಿದ್ದ. ಕ್ವೇಕರ್ ಪಂಥದ ಗೆಳೆಯನೊಬ್ಬ, ಎಲ್ಲರೂ ನಿನ್ನನ್ನು ಅಹಂಕಾರಿ ಅಂತಾರಲ್ಲಪ್ಪ ಎಂದ. ಫ್ರಾಂಕ್ಲಿನ್ ಹದಿಮೂರನೆಯದಾಗಿ ವಿನಯವನ್ನೂ ಸೇರಿಸಿ, ಏಸು ಮತ್ತು ಸಾಕ್ರಟೀಸ್ ಇಬ್ಬರನ್ನು ಅನುಸರಿಸು ಎಂದು ಪಕ್ಕದಲ್ಲಿ ಬರೆದುಕೊಂಡ. ಎಷ್ಟು ಸಣ್ಣ ಗುರಿ ನೋಡಿ! ಮುಂದೆ ಆತ್ಮಕಥೆಯಲ್ಲಿ, ಈ ಗುಣದ ಸಾರ ನನಗೆ ದಕ್ಕಲಿಲ್ಲ, ತೋರಿಕೆ ಮಾತ್ರ ಚೆನ್ನಾಗಿ ಬಂತು ಎನ್ನುತ್ತಾನೆ. ‘ಖಂಡಿತ’, ‘ನಿಸ್ಸಂದೇಹವಾಗಿ’ ಎಂಬ ಮಾತುಗಳನ್ನು ಬಿಟ್ಟು ‘ನನಗೆ ಸದ್ಯಕ್ಕೆ ಹೀಗೆ ತೋರುತ್ತದೆ’ ಎನ್ನತೊಡಗಿದ; ಅವನ ಪ್ರಸ್ತಾಪಗಳೆಲ್ಲ ಸಭೆಗಳಲ್ಲಿ ಸಲೀಸಾಗಿ ಪಾಸಾದವು. ಅಹಂಕಾರವನ್ನು ಪೂರ್ತಿ ಗೆದ್ದೆ ಎನಿಸಿದರೂ ಆ ವಿನಯದ ಬಗ್ಗೆಯೇ ಜಂಭ ಬರುತ್ತದೆ ಎಂದು ಕೈಚೆಲ್ಲಿದ. ಇದೇ ಕಾಲದ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ ಈ ಕಷ್ಟವೇ ಇರಲಿಲ್ಲ. 1751ರ ಪುಸ್ತಕದಲ್ಲಿ ಅವನು ಉಪವಾಸ, ಬ್ರಹ್ಮಚರ್ಯ, ಮೌನಗಳ ಜೊತೆ ವಿನಯವನ್ನೂ ಸೇರಿಸಿ, ಇವೆಲ್ಲ ಸನ್ಯಾಸಿಗಳ ಗುಣಗಳು, ಸಂಸಾರಿಗೆ ಪ್ರಯೋಜನವಿಲ್ಲ ಎಂದು ತಳ್ಳಿಹಾಕಿದ. ಹ್ಯೂಮಿಲಿಟಿಯ ಅರ್ಧ ಹೆಸರನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡವನ ಮಾತು.

ಇಂಗ್ಲಿಷರು ಈ ಶಬ್ದವನ್ನು ಅತಿ ಹೆಚ್ಚು ಖರ್ಚು ಮಾಡಿದ್ದು ಪತ್ರಗಳ ಬುಡದಲ್ಲಿ. ‘ತಮ್ಮ ಅತ್ಯಂತ ವಿಧೇಯ, ವಿನಮ್ರ ಸೇವಕ’ ಎಂದು ಸಹಿ ಹಾಕದೆ ಸಾಲ ವಸೂಲಿಯ ನೋಟೀಸನ್ನೂ ಕಳಿಸುತ್ತಿರಲಿಲ್ಲ. 1804ರ ಜೂನಿನಲ್ಲಿ ಅಮೆರಿಕದ ಉಪಾಧ್ಯಕ್ಷ ಏರನ್ ಬರ್‌ಗೂ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ಗೂ ಬಿರುಸಿನ ಪತ್ರ ವ್ಯವಹಾರ ನಡೆಯಿತು. ನನ್ನ ಬಗ್ಗೆ ಏನೆಂದೆ ಎಂದು ಒಬ್ಬ, ಯಾವ ಮಾತಿಗೆ ಕೇಳುತ್ತಿದ್ದೀಯ ಎಂದು ಇನ್ನೊಬ್ಬ. ಕಾಗದಗಳ ಕೊನೆಯಲ್ಲಿ ತಾವು ಪರಸ್ಪರ ವಿಧೇಯ ಸೇವಕರೆಂಬ ಒಕ್ಕಣೆ. ಜುಲೈ 11ರ ಬೆಳಿಗ್ಗೆ ವೀಹಾಕನ್ ಎಂಬಲ್ಲಿ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಒಬ್ಬ ವಿಧೇಯ ಸೇವಕ ಇನ್ನೊಬ್ಬ ವಿಧೇಯ ಸೇವಕನನ್ನು ಸುಟ್ಟ. ಹ್ಯಾಮಿಲ್ಟನ್ ಮರುದಿನ ತೀರಿಕೊಂಡ.

ಬ್ರಿಟನ್ನಿನ ಸಂಸತ್ತಿನಲ್ಲಿ ಇಂದಿಗೂ ‘ಹಂಬಲ್ ಅಡ್ರೆಸ್’ ಎಂಬ ಒಂದು ಗೊತ್ತುವಳಿ ಇದೆ. ಸದನವು ದೊರೆಗೆ ವಿನಮ್ರವಾಗಿ ಮಾಡಿಕೊಳ್ಳುವ ಬಿನ್ನಹ. ಹೆಸರು ಕೇಳಿದರೆ ಕೈಕಟ್ಟಿ ನಿಂತಂತೆ ಕಾಣುತ್ತದೆ. 2018ರಲ್ಲಿ ಬ್ರೆಕ್ಸಿಟ್ ಬಗ್ಗೆ ಸರ್ಕಾರ ಪಡೆದಿದ್ದ ಕಾನೂನು ಸಲಹೆಯನ್ನು ಹೊರಗೆ ಹಾಕಿ ಎಂದು ವಿರೋಧ ಪಕ್ಷ ಇದೇ ಬಿನ್ನಹದ ಮೂಲಕ ಕೇಳಿತು. ಸರ್ಕಾರ ಪೂರ್ತಿ ಕೊಡಲಿಲ್ಲ. ಆ ಡಿಸೆಂಬರಿನಲ್ಲಿ ಮಂತ್ರಿಗಳು ಸದನ ನಿಂದನೆ ಮಾಡಿದ್ದಾರೆಂದು ಸದನವೇ ಮತ ಹಾಕಿ ತೀರ್ಮಾನಿಸಿತು. ಸರ್ಕಾರ ಮರುದಿನವೇ ಕಡತ ಬಿಚ್ಚಿತು.

ನಮ್ಮಲ್ಲೂ ಅರ್ಜಿಗಳ ಬುಡ ಹೀಗೆಯೇ ಇರುತ್ತದೆ. ಜ್ವರ ಬಂದಿದ್ದ ಕಾರಣ ರಜೆ ಕೋರುವವನು ‘ತಮ್ಮ ವಿಧೇಯ ವಿದ್ಯಾರ್ಥಿ’. ಅವನು ಸಿನಿಮಾದ ಸಾಲಿನಲ್ಲಿ ನಿಂತಿರುತ್ತಾನೆ. ಹಾಸ್ಟೆಲಿನಿಂದ ದುಡ್ಡು ಕೇಳುವ ಮಗ ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರ ಮಾಡುತ್ತಿದ್ದ; ದುಡ್ಡು ಬೇಡದ ತಿಂಗಳು ನಮಸ್ಕಾರಕ್ಕೆ ಅಷ್ಟು ಅಂಗಗಳಿರುತ್ತಿರಲಿಲ್ಲ. ‘ಆಜ್ಞಾಧಾರಕ’ ಎಂದು ಬರೆಯಲು ಹೋಗಿ ದೀರ್ಘ ಬಿಟ್ಟು ‘ಅಜ್ಞಾಧಾರಕ’ ಎಂದು ಸಹಿ ಹಾಕಿದವರೂ ಇದ್ದಾರೆ. ನಿಜ ಹೇಳಿದವರು ಅವರೊಬ್ಬರೇ ಇರಬೇಕು.

ನಾನು ಇಷ್ಟು ದೂರ ಬಂದು ಕಂಡುಕೊಂಡದ್ದು ಇಷ್ಟೆ. ಹಂಬಲ್ ಎಂಬ ಮಾತನ್ನು ‘ಅವನು’, ‘ಅವಳು’ ಎಂಬುದರ ಜೊತೆ ಸೇರಿಸಬಹುದು. ‘ನಾನು’ ಎಂಬುದರ ಪಕ್ಕ ಇಟ್ಟ ಕೂಡಲೇ ಅದು ಕೆಟ್ಟುಹೋಗುತ್ತದೆ. ಕನ್ನಡದಲ್ಲಿ ಕಾಗದ ಮುಗಿಸುವುದಕ್ಕೆ ‘ಇಂತಿ’ ಎಂಬ ಒಳ್ಳೆಯ ಮಾತಿದೆ. ಹೀಗೆ ಎಂದಷ್ಟೇ ಅದರ ಅರ್ಥ. ಮೇಲಕ್ಕೂ ಏರಿಸುವುದಿಲ್ಲ, ಕೆಳಕ್ಕೂ ಇಳಿಸುವುದಿಲ್ಲ. ಈ ಪ್ರಬಂಧದ ಬಗ್ಗೆ ಬರೆಯುವ ಓದುಗರು ‘ಇಂತಿ’ ಎಂದು ಸಹಿ ಮಾಡಿ, ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ. ‘ತಮ್ಮ ಅತ್ಯಂತ ವಿಧೇಯ’ ಎಂದು ಬಂದ ಕಾಗದವನ್ನು ಮಾತ್ರ ನಾನು ಬಾಗಿಲು ಭದ್ರ ಮಾಡಿಕೊಂಡು ಒಡೆಯುತ್ತೇನೆ.